ಮೂರು ಜನರ ಸೌದೆ

ಹೊಸ ಒಲೆ ಕೊಟ್ಟು, ಉಳಿತಾಯ ನೋಡಲು ಸೌದೆ ತೂಗಲು ಬರುವ ಮೇಡಂ ಅವರಿಗೆ,

ನಿನ್ನೆ ನನ್ನ ಮಗನ ಎದುರಿಗೇ ಲೆಕ್ಕ ಬಿಚ್ಚಿದಿರಲ್ಲ! "ಹಳೇ ಒಲೇಲಿ ಐದು ಜನಕ್ಕೆ ದಿನಕ್ಕೆ ಎಂಟು ಕಿಲೋ ಸೌದೆ. ಈಗ ಮನೇಲಿ ಮೂರೇ ಜನ, ಆದ್ರೂ ಐದು ಕಿಲೋ. ಹೊಸ ಒಲೆಯಿಂದ ಏನೂ ಉಳಿತಾಯ ಇಲ್ವಲ್ಲ ಅಜ್ಜಿ, ಊಟಕ್ಕೆ ಬೇರೆ ಯಾರಾದ್ರೂ ಬರ್ತಾರಾ?" ಅಂದಿರಿ. ನೀವು ಹೋದಮೇಲೆ ಅವನು ಪಾತ್ರೆಗಳ ಮುಚ್ಚಳ ಒಂದೊಂದೇ ತೆಗೆದು ನೋಡಿದ.

ಹೋದ ವಾರ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಮನೆ ಬಿಟ್ಟಳು. ಅವಳ ಕೈಯ ಸುಟ್ಟ ಗಾಯ ನೀವೂ ನೋಡಿದ್ದೀರಿ. ಒಲೆ ತಾಗಿತು ಅಂದಿದ್ದೆ. ಅದು ಸುಳ್ಳು.

ಮಗ ಊರೆಲ್ಲ ಹುಡುಕುತ್ತಿದ್ದಾನೆ. ಅವರಿರುವುದು ಪಕ್ಕದ ಟೈಲರಮ್ಮನ ಮನೆಯಲ್ಲಿ. ಊಟ ಮಾತ್ರ ನಮ್ಮ ಒಲೆಯದೇ. ಅವನು ಕೆಲಸಕ್ಕೆ ಹೋದಮೇಲೆ ಹಿತ್ತಿಲ ಗೋಡೆಯ ಮೇಲಿಂದ ದಾಟಿಸುತ್ತೇನೆ. ಶನಿವಾರ ಇಬ್ಬರೂ ಬಸ್ಸು ಹತ್ತುತ್ತಾರೆ.

ಅಲ್ಲಿಯವರೆಗೆ ದಯವಿಟ್ಟು ಹತ್ತು ಗಂಟೆಯ ಮೇಲೇ ಬನ್ನಿ. ಅವನು ದಾರಿಯಲ್ಲಿ ಸಿಕ್ಕಿ ಕೇಳಿದರೆ ತಕ್ಕಡಿ ಕೆಟ್ಟಿತ್ತು ಅನ್ನಿ. ಎದುರಿಗೆ ಹೇಳೋಣವೆಂದರೆ ನಮ್ಮ ಯಜಮಾನರ ಕಿವಿ ಬಲು ಚುರುಕು, ಅವರು ಮಗನ ಕಡೆ. ಅದಕ್ಕೇ ಈ ಚೀಟಿಯನ್ನು ನೀವು ತೂಗುವ ಸೌದೆ ಕಟ್ಟಿನಲ್ಲಿ ಸಿಕ್ಕಿಸಿದ್ದೇನೆ. ಓದಿ ಒಲೆಗೆ ಹಾಕಿ.

ಪಾಪ, ಒಲೆಯದೇನೂ ತಪ್ಪಿಲ್ಲ. ಆ ಐದು ಕಿಲೋವನ್ನು ನಿಮ್ಮ ಮನಸ್ಸಿನಲ್ಲಿ ಐದು ಜನಕ್ಕೇ ಭಾಗಿಸಿಕೊಳ್ಳಿ. ಪುಸ್ತಕದಲ್ಲಿ ಮೂರೇ ಇರಲಿ.

ಇಂತಿ,
ಮೂವರಿಗೆ ಅಡುಗೆ ಮಾಡುವ ಅಜ್ಜಿ