ಧ್ವಜದ ಮೂಲೆಗೆ ಹಚ್ಚಿದ ಅರಿಶಿನ

ಹೊಸದಾಗಿ ಸ್ವತಂತ್ರವಾದ ದೇಶವೊಂದರ ರಾಷ್ಟ್ರಚಿಹ್ನೆಗಳ ಆಯ್ಕೆ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಧ್ವಜಕ್ಕೆ ಅವಮಾನವಾಯಿತೆಂದು ನೀವು ಕೆಲಸದಿಂದ ತೆಗೆದ ಹುಡುಗಿ ನಿರಪರಾಧಿ. ಧ್ವಜದ ಮೂಲೆಗೆ ಅರಿಶಿನ ಹಚ್ಚಿದವಳು ನಾನು, ಪುಣೆಯಲ್ಲಿ ಒಬ್ಬಳೇ ಇರುವ ಧಾರವಾಡ ಕಡೆಯ ಮುದುಕಿ. ಪತ್ರ ಕನ್ನಡದಲ್ಲಿದೆ, ಏಕೆಂದರೆ ನನಗೆ ಸಿಟ್ಟು ಬರುವುದು ಕನ್ನಡದಲ್ಲಿ. ಅನುವಾದ ಮಾಡಿಸಿಕೊಳ್ಳುವ ತೊಂದರೆ ನಿಮ್ಮದು. ಇಲ್ಲಿನ ಕನ್ನಡ ಸಂಘದ ಪತ್ರಿಕೆಯವರು ಅಚ್ಚು ಹಾಕಲು ಒಪ್ಪಿದ್ದಾರೆ; ನೀವು ಓದದಿದ್ದರೂ ನಾಲ್ಕು ಜನ ಓದಲಿ.

ಆ ಹುಡುಗಿ ನಿಮ್ಮಲ್ಲಿಂದ ಓದಲೆಂದು ಪುಣೆಗೆ ಬಂದು, ಓದು ಮುಗಿಯುವವರೆಗೂ ನನ್ನ ಮನೆಯಲ್ಲೇ ಬಾಡಿಗೆಗಿದ್ದಳು. ಅವಳ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ, ನೀಲವ್ವ ಎಂದು ಕರೆದೆ. ಓಗೊಟ್ಟಳು. ನನ್ನ ಜೊತೆ ಇದ್ದು ಇದ್ದು ನಮ್ಮ ಕಡೆಯ ಕನ್ನಡವನ್ನೂ ಕಲಿತಳು. ನಿಮಗೆ ಸ್ವಾತಂತ್ರ್ಯ ಬಂದ ದಿನ ಅವಳಿಗೆ ಧ್ವಜ ಬೇಕಾಯಿತು. ಪುಣೆಯ ಪೇಟೆಯಲ್ಲಿ ಸಿಗದ ವಸ್ತುವಿಲ್ಲ ನಿಜ, ಆದರೆ ಅಂದೇ ಹುಟ್ಟಿದ ದೇಶದ ಧ್ವಜ ಎಲ್ಲಿ ಸಿಗಬೇಕು? ಮನೆಯಲ್ಲೇ ಹೊಲಿದೆವು. ಹಸಿರು ನಾನು ರವಿಕೆಗೆಂದು ಇಟ್ಟಿದ್ದ ಖಣದಿಂದ, ನೀಲಿ ಎದುರುಮನೆಯ ಸುಲಭಾ ಕೊಟ್ಟ ದುಪಟ್ಟಾದಿಂದ, ಬಿಳಿ ತೀರಿಕೊಂಡ ನಮ್ಮ ಯಜಮಾನರ ಧೋತರದಿಂದ. ಅದನ್ನು ಕತ್ತರಿಸುವಾಗ ನನಗೆ ಅಳು ಬಂತು, ಆದರೂ ಕತ್ತರಿಸಿದೆ. ನಿಮ್ಮ ಮಂಡಳಿಯ ಘನ ಸದಸ್ಯರಲ್ಲಿ ಯಾರಾದರೂ ಆ ಧ್ವಜಕ್ಕೆ ಇಷ್ಟು ಕೊಟ್ಟಿದ್ದಾರೆಯೇ?

ಬಾಲ್ಕನಿಯ ಕಂಬಿಗೆ ಕಟ್ಟುವ ಮೊದಲು ನಾನು ಮೂಲೆಗೆ ಅರಿಶಿನದ ಬೊಟ್ಟಿಟ್ಟೆ.

"ಅಜ್ಜಿ, ಇದು ಯಾಕ್ರಿ?" ಎಂದಳು ನೀಲವ್ವ.

"ಹೊಸಾ ಅರಿವಿ ಅದಲ್ಲ ತಂಗಿ, ಮೂಲಿಗೆ ಅರಿಷಿಣ ಹಚ್ಚಬೇಕು. ಬಾಳಿಕಿ ಬರ್ತದ."

"ಹಂಗಾರ ದೊಡ್ಡದು ಹಚ್ರಿ. ನಮ್ದು ಭಾಳ ದಿನಾ ಬಾಳಬೇಕು."

ದೊಡ್ಡದೇ ಹಚ್ಚಿದೆ. "ಥಾಂಬಾ ಕಾಕೂ, ಫೋಟೋ ಕಾಢತೇ" ಎಂದು ಸುಲಭಾ ನಮ್ಮನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದಳು.

ಆ ಫೋಟೋವೇ ಮೊಬೈಲಿನಿಂದ ಮೊಬೈಲಿಗೆ ದಾಟಿ ನಿಮ್ಮ ಮೇಜಿಗೆ ಬಂತು. ಅಷ್ಟರಲ್ಲಿ ನೀಲವ್ವ ಊರಿಗೆ ಮರಳಿ ನಿಮ್ಮ ಮಂಡಳಿಯಲ್ಲೇ ಸಹಾಯಕಿಯಾಗಿದ್ದಳು. ರಾಷ್ಟ್ರಧ್ವಜಕ್ಕೆ ಪರಕೀಯ ಮತಚಿಹ್ನೆ ಬಳಿದಳೆಂದು ವಜಾ ಮಾಡಿದಿರಿ. ಅರಿಶಿನ ಮತಚಿಹ್ನೆಯಾದರೆ ನನ್ನ ಸಾರಿನ ಪಾತ್ರೆಯೂ ದೇವಸ್ಥಾನವೇ. ಇತ್ತ ನೀವು ವಿದೇಶಿ ಸಂಸ್ಥೆಯೊಂದರಿಂದ ಚಿತ್ರ ಬರೆಸಿ ಹದ್ದನ್ನು ರಾಷ್ಟ್ರಪಕ್ಷಿ ಮಾಡಿದ ಸುದ್ದಿಯನ್ನು ಸುಲಭಾ ತೋರಿಸಿದಳು. "ನಮ್ಮಲ್ಲಿ ಎಲ್ಲಿ ನೋಡಿದ್ರೂ ಬರೇ ಕೊಕ್ಕರಿ ಅದಾವ್ರಿ" ಎನ್ನುತ್ತಿದ್ದಳು ನೀಲವ್ವ. ಹೊರಗಿನವರ ಹದ್ದು ನಡೆಯುತ್ತದೆ, ಹೊರಗಿನವಳ ಅರಿಶಿನ ನಡೆಯುವುದಿಲ್ಲ, ಇದು ಯಾವ ನ್ಯಾಯ? ಮಾಡಿದ ತೀರ್ಮಾನವನ್ನು ಬದಲಿಸಿದರೆ ಮಾನ ಹೋಗುವುದಿಲ್ಲ. ನಮ್ಮಲ್ಲೂ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ಮೇಲೆ ರಾಷ್ಟ್ರಪ್ರಾಣಿಯ ಪಟ್ಟದಿಂದ ಸಿಂಹವನ್ನು ಇಳಿಸಿ ಹುಲಿಯನ್ನು ಕೂರಿಸಿದರು. ಸಿಂಹದ್ದೊಂದನ್ನು ಬಿಟ್ಟರೆ ಯಾರ ಕೆಲಸವೂ ಹೋದಂತಿಲ್ಲ.

ವಜಾ ಆದ ದಿನ ಅವಳು ಫೋನ್ ಮಾಡಿದ್ದಳು. "ಅಜ್ಜಿ, ಮನಸಿಗೆ ಹಚ್ಕೋಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಊಟಾ ಮಾಡ್ರಿ" ಎಂದಳು. ಆಮೇಲೆ ಆ ನಂಬರು ಹತ್ತುತ್ತಿಲ್ಲ. ಅಧ್ಯಕ್ಷರೇ, ನನಗೆ ಈಗ ಮನೆಯಲ್ಲಿ ಕನ್ನಡ ಮಾತಾಡಲು ಯಾರೂ ಇಲ್ಲ. ಮರಾಠಿಯಲ್ಲಿ ತರಕಾರಿ ತರುತ್ತೇನೆ, ಮರಾಠಿಯಲ್ಲೇ ಸುಲಭಾಳ ಜೊತೆ ನಗುತ್ತೇನೆ. ಕನ್ನಡ ಬಾಯಿಗೆ ಬರುವುದು ದೇವರ ಮುಂದೆ ಮಾತ್ರ, ಅವನು ತಿರುಗಿ ಮಾತಾಡುವುದಿಲ್ಲ. ಬಹಳ ಬೇಸರವಾಗುತ್ತದೆ. ಇದು ನಿಮ್ಮ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ.

ಆದ್ದರಿಂದ ವ್ಯಾಪ್ತಿಗೆ ಬರುವುದನ್ನೇ ಕೇಳುತ್ತೇನೆ. ಅವಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ. ಯಾರನ್ನಾದರೂ ದಂಡಿಸಲೇಬೇಕಿದ್ದರೆ ನಾನಿದ್ದೇನೆ. ಅದೂ ಆಗದಿದ್ದರೆ ಅವಳು ಎಲ್ಲಿದ್ದಾಳೆ, ಉಂಡಳೇ, ಹೇಗಿದ್ದಾಳೆ ಎಂದು ಯಾರಿಂದಲಾದರೂ ಒಂದು ಸಾಲು ಬರೆಸಿ. ಅವಳನ್ನು ಓಡಿಸಿದವರನ್ನೇ ಅವಳ ಕ್ಷೇಮ ಕೇಳುವುದು ನನಗೂ ಹಿತವಲ್ಲ. ಏನು ಮಾಡಲಿ, ನಿಮ್ಮ ದೇಶದಲ್ಲಿ ನನಗೆ ಗೊತ್ತಿರುವ ವಿಳಾಸ ನಿಮ್ಮ ಕಚೇರಿಯದೊಂದೇ.

ಇಂತಿ,
ಯೆರವಡಾ ಜೈಲಿನ ಹೊರಗೇ ಉಳಿದಿರುವ ಅಪರಾಧಿ,
ಸಾವಿತ್ರಿಬಾಯಿ
ಪುಣೆ