ಸುರುಸುರು ಬತ್ತಿ ಹಿಡಿದವಳಲ್ಲಿ ಒಂದು ಅರಿಕೆ

ಚಿತ್ರದುರ್ಗ,
ಕಾರ್ತಿಕ ಮಾಸದ ನಲವತ್ತೊಂದನೆಯ ದಿನ, ಇಸವಿ ೨೧೯೧

ಹಿಂದಿನ ಕಾಲದ ಮಾನ್ಯರೇ,

ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ, ನಮ್ಮ ಮಾತು ನಿಮ್ಮ ಕಿವಿಗೆ ಒರಟು. ಎರಡನ್ನೂ ಮನ್ನಿಸಬೇಕಾಗಿ ಕೋರುತ್ತಾ, ಕೆಳಗೆ ಸಹಿ ಮಾಡಿರುವ ಓಬಳಸ್ವಾಮಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಾನು ಈ ಊರಿನ ಅಂಜಿಕೆದಾರ. ಹಬ್ಬಕ್ಕೆ ತೋರಿಸುವ ಚಿತ್ರವನ್ನು ಏಳು ವರ್ಷದೊಳಗಿನ ಮಕ್ಕಳು ನೋಡಬಹುದೇ ಎಂದು ತೀರ್ಮಾನಿಸುವವನಿಗೆ ನಮ್ಮಲ್ಲಿ ಹೀಗೆನ್ನುತ್ತಾರೆ. ಅಂಜಿಕೆದಾರನು ಪರದೆಗೆ ಬೆನ್ನು ಹಾಕಿ ಕೂರತಕ್ಕದ್ದು. ಆತನು ನೋಡಬೇಕಾದದ್ದು ಚಿತ್ರವನ್ನಲ್ಲ, ಎದುರಿಗೆ ಕುಳಿತ ಹನ್ನೆರಡು ಮಕ್ಕಳ ಮುಖಗಳನ್ನು. ಕಣ್ಣು ಮುಚ್ಚಿಕೊಂಡವರು ಮೂವರಿಗಿಂತ ಹೆಚ್ಚಾದರೆ ಒಪ್ಪಿಗೆಯಿಲ್ಲ. ನಲವತ್ತು ವರ್ಷಗಳಲ್ಲಿ ನನ್ನ ಮುದ್ರೆ ಒಮ್ಮೆಯೂ ತಪ್ಪಿರಲಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಈ ದೀಪಾವಳಿಗೆ ನಿಮ್ಮ ಕಾಲದ ದೆವ್ವದ ಚಿತ್ರವೊಂದು ಬಂತು. ನಮ್ಮೂರ ಕೋಟೆಯ ಬೀದಿಯಲ್ಲೇ ತೆಗೆದದ್ದು. ದೆವ್ವ ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅದಕ್ಕೂ ಸ್ವಲ್ಪ ಮೊದಲು, ಒಂದೆರಡು ಕ್ಷಣ, ಹನ್ನೆರಡು ಮಕ್ಕಳೂ ಒಟ್ಟಿಗೆ ಸುಮ್ಮನಾಗಿದ್ದರು. ಯಾರೂ ಕಣ್ಣು ಮುಚ್ಚಿರಲಿಲ್ಲ. ಮುದ್ರೆ ಒತ್ತಿದೆ.

ಆ ಹನ್ನೆರಡರಲ್ಲಿ ನನ್ನ ಮೊಮ್ಮಗಳು ಸಂಪಿಗೆಯೂ ಒಬ್ಬಳು. ಅಂದಿನಿಂದ ಆಕೆ ಮನೆಯ ಬಾಗಿಲು ಹಾಕಗೊಡುತ್ತಿಲ್ಲ. ತನ್ನ ತಟ್ಟೆಯ ರೊಟ್ಟಿಯನ್ನು ಹೊಸ್ತಿಲಾಚೆ ಇಟ್ಟು ಹಸಿದು ಕೂರುತ್ತಾಳೆ. ಕೇಳಿದರೆ, “ದೆವ್ವ ಬಿಡು ತಾತ, ಅದು ಬರೀ ಬಣ್ಣ. ಸುರುಸುರು ಬತ್ತಿ ಹಿಡ್ದಿದ್ ಹುಡ್ಗಿ ನನ್ನೇ ನೋಡ್ಕಂಡು ಏನೋ ಅಂದ್ಲು. ಹಸಿವು ಅಂದ್ಲೋ, ಒಳಗೆ ಬರ್ತೀನಿ ಅಂದ್ಲೋ, ನಂಗೆ ಕೇಳಿಸ್ಲೇ ಇಲ್ಲ” ಎನ್ನುತ್ತಾಳೆ. ಒಂಬತ್ತು ದಿನವಾಯಿತು; ಮಗು ಕಡ್ಡಿಯಾಗಿದೆ. ಸೊಸೆ ಮಾರಕ್ಕ, “ಇಷ್ಟ್ ವರ್ಷ ಸಿನಿಮಾಕ್ಕೆ ಬೆನ್ನು ತೋರ್ಸಿದ್ದು ಸಾಕು ಮಾವ, ಒಂದ್ ಸಲ ಮುಖ ತೋರ್ಸಿ” ಎಂದು ಚುಚ್ಚಿದಳು.

ಚಿತ್ರವನ್ನು ಮತ್ತೆ ಹಾಕಿಸಿ, ಪರದೆಗೆ ಮುಖ ಮಾಡಿ ಕುಳಿತೆ. ಕೋಟೆಗೋಡೆಯ ದೀಪದ ಗೂಡಿನ ಪಕ್ಕದಲ್ಲಿ ಸುರುಸುರು ಬತ್ತಿ ಹಿಡಿದ ಹುಡುಗಿ. ನಟಿಯಲ್ಲ, ಬೀದಿಯಲ್ಲಿ ಆಡುತ್ತಿದ್ದವಳು. ಹಳದಿ ಲಂಗ, ಮುಂದಿನ ಹಲ್ಲು ಬಿದ್ದ ಬಾಯಿ. ತಟ್ಟನೆ ತಿರುಗಿ ನೇರವಾಗಿ ನಮ್ಮತ್ತ ನೋಡುತ್ತಾಳೆ; ತುಟಿ ಅಲುಗುತ್ತದೆ, ದನಿಯಿಲ್ಲ. ಚಿತ್ರದಲ್ಲಿ ಸತ್ತವಳೆಂದು ಬಣ್ಣ ಬಳಿದುಕೊಂಡವಳು ದೆವ್ವದ ಪಾತ್ರದವಳೊಬ್ಬಳೇ. ಆದರೆ ಆ ಬೀದಿಯಲ್ಲಿ ನಗುತ್ತಿರುವ ಅಷ್ಟು ಜನರಲ್ಲಿ ಇಂದು ಯಾರೂ ಇಲ್ಲ. ಎಂಬತ್ತನೆಯ ವಯಸ್ಸಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ.

ಆದಕಾರಣ ಪ್ರಾರ್ಥನೆ: ಆ ಹುಡುಗಿ ನಿಮ್ಮ ಮಗಳೋ, ನೆರೆಮನೆಯವಳೋ, ಸ್ವತಃ ನೀವೋ ಆಗಿದ್ದಲ್ಲಿ, ಅಂದು ಹೇಳಿದ್ದೇನೆಂಬುದನ್ನು ಒಂದು ಕಲ್ಲಿನ ಮೇಲೆ ಕೊರೆದು ಅದೇ ಗೂಡಿನಲ್ಲಿಡಿ. ಗೂಡು ಇನ್ನೂ ಇದೆ. ಒಂದೇ ಪದವಾದರೂ ಸಾಕು, ಮಗು ಉಣ್ಣುತ್ತದೆ.

ಇಂದು ಬೆಳಿಗ್ಗೆ ಅದರೊಳಗೆ ಕೈಯಿಟ್ಟು ನೋಡಿದೆ. ಬೆರಳಿಗೆ ಮಸಿ ಮಾತ್ರ ಹತ್ತಿತು. ಈ ಪತ್ರ ಮುಗಿಸಿ ಮತ್ತೊಮ್ಮೆ ಹೋಗುವವನಿದ್ದೇನೆ. ಸಂಪಿಗೆ ಆಗಲೇ ಚಪ್ಪಲಿ ಮೆಟ್ಟಿ, ರೊಟ್ಟಿ ಹಿಡಿದು ನಿಂತಿದ್ದಾಳೆ.

ಇಂತಿ,
ಮುದ್ರೆಯನ್ನು ಮರಳಿಸಿರುವ ಅಂಜಿಕೆದಾರ
ಓಬಳಸ್ವಾಮಿ