ಅತ್ತೆಯ ಹೆಸರಿನ ಪಕ್ಕದ ಗುರುತು

ಸೆಪ್ಟೆಂಬರ್ 8, ಸೋಮವಾರ

ಮತ ಹಾಕಿ ಬಂದೆ. ಸಮಾಧಾನವಿಲ್ಲ.

ಈ ಬೇಸಿಗೆಯಲ್ಲಿ ನಾನು ನಮ್ಮ ಸಾಮಿ ಬುಡಕಟ್ಟಿನವರ ಸಂಸತ್ತಿನ ಮತದಾರರ ಪಟ್ಟಿಗೆ ಹೆಸರು ಕೊಟ್ಟಾಗಿನಿಂದ ರಿಸ್ಟೆನ್ ಅತ್ತೆಯದು ಒಂದೇ ರಾಗ. ನಿನ್ನೆಯೂ ಮೀನು ಹೆಚ್ಚುತ್ತಾ ಶುರುಮಾಡಿದಳು.

"ಅವತ್ತು ಹೆಸರು ಬರ್ಕೊಂಡ ಸರ್ಕಾರದೋರು, ನಾವು ಕೀಳು ಜನ ಅಂತ ತೋರಿಸೋಕೆ ನಮ್ಮಪ್ಪನ ತಲೆಬುರುಡೆ ಅಳೆದ್ರು ಕಣೇ ಮಾರೆತ್. ಇವತ್ತು ಸರ್ಕಾರ ನಮ್ಮ ಸಲಹೆ ಕೇಳುತ್ತಂತೆ! ಕೇಳಿಬಿಟ್ಟು, ನಮ್ಮ ನೆಲದಲ್ಲಿ ಗಾಳಿಯಂತ್ರ ನೆಡೋ ಕಡೆ ನೆಟ್ಟೇ ನೆಡುತ್ತೆ."

"ಕೇಳದೇ ಇರೋದಕ್ಕಿಂತ ವಾಸಿ ಅಲ್ವಾ ಅತ್ತೆ?"

"ಅಷ್ಟೊಂದು ಕವಿತೆ ಓದ್ತೀಯ, ಸರ್ಕಾರದ ಒಂದು ಕಾಗದ ಓದೋಕೆ ಬರಲ್ಲ ನಿಂಗೆ."

ಅವಳ ಅನುಮಾನ ನನಗೂ ಅಂಟಿತ್ತು. ಮತಗಟ್ಟೆಯಲ್ಲಿ ಗುಮಾಸ್ತೆ ಪಟ್ಟಿಯ ಮೇಲೆ ಬೆರಳಾಡಿಸುವಾಗ, ಇವರಿಗೆ ನನ್ನ ಹೆಸರು ಯಾಕೆ ಬೇಕು ಎಂದುಕೊಂಡೆ. ಆಗ ಕಂಡಿತು: ನನ್ನ ಹೆಸರಿನ ಕೆಳಗಿನ ಸಾಲಿನಲ್ಲೇ ಅತ್ತೆಯ ಹೆಸರು. ಪಕ್ಕದಲ್ಲಿ, ಮತ ಹಾಕಿ ಹೋದ ಗುರುತು.

ಸಂಜೆ ಅವಳ ಮನೆಗೆ ಹೋದೆ.

"ಹಾಕ್ಬಿಟ್ಯಾ?"

"ಹಾಕ್ದೆ."

"ದಡ್ಡಿ" ಎಂದು ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಪಟ್ಟಿಯ ಮಾತು ಎತ್ತದೆ ಕಾಫಿ ಕುಡಿದು ಬಂದೆ.

ಎಷ್ಟು ಚುನಾವಣೆಗಳಿಂದ ಹೀಗೆ ಯಾರಿಗೂ ಹೇಳದೆ ಹೋಗಿಬರುತ್ತಿದ್ದಾಳೋ. ಸರ್ಕಾರವನ್ನು ನಂಬದಿರಲಿ, ಅದಕ್ಕೆ ಅವಳಿಗೆ ಕಾರಣವಿದೆ. ಆದರೆ ನನ್ನನ್ನೂ ನಂಬಲಿಲ್ಲವಲ್ಲ.